ಎಂಥಾಲ್ಪಿಗಣಕ ಪ್ರಭೇದ ನಿರ್ಣಯ

ಒತ್ತಡ ಬದಲಾಗದಿರುವಾಗ ರಾಸಾಯನಿಕ ಕ್ರಿಯೆಯೊಂದು ಬಿಟ್ಟುಕೊಟ್ಟ ಅಥವಾ ಹೀರಿಕೊಂಡ ಶಾಖವೇ ಎಂಥಾಲ್ಪಿ ವ್ಯತ್ಯಾಸ. ಬೆಂಕಿ ಹಚ್ಚದೆ, ಕಾಗದದ ಮೇಲೆಯೇ ಅದನ್ನು ಕಂಡುಹಿಡಿಯಲು ಹೊರಟ ಜೀವಿ ಎಂಥಾಲ್ಪಿಗಣಕ. ಇದು ಲಕ್ಷಣವಾಕ್ಯ. ಆವಾಸ, ಪಿಯುಸಿ ತರಗತಿ. ಪರೀಕ್ಷೆ ಹತ್ತಿರವಾದಂತೆ ಟ್ಯೂಷನ್ ಕೇಂದ್ರಗಳತ್ತ ವಲಸೆ. ಸ್ವಭಾವತಃ ಸಾಧು. ಋಣಚಿಹ್ನೆ ಕಂಡರೆ ಮಾತ್ರ ಬೆದರುತ್ತದೆ.

ಸರಿಯುತ್ತರದವರು, ತಪ್ಪುತ್ತರದವರು ಎಂದು ಎರಡೇ ಪ್ರಭೇದ ಸಾಕೆಂಬುದು ಮೌಲ್ಯಮಾಪಕರ ಮತ. ಅದು ನಿಲ್ಲುವುದಿಲ್ಲ, ಬೇರೆ ಬೇರೆ ಎರಡು ಉತ್ತರಗಳೂ ಸರಿಯಾಗುವ ಪ್ರಸಂಗ ಮುಂದಿದೆ. ಪರಿಶೀಲನೆಗೆ ಎಲ್ಲರ ಕೈಗೂ ಒಂದು ಮೋಲ್ ಮೀಥೇನ್ ಕೊಟ್ಟು, ಉರಿದರೆ ಎಷ್ಟು ಶಾಖ ಎಂದು ಕೇಳೋಣ.

ಮೊದಲನೆಯವನು ಪಟ್ಟಿನಿಷ್ಠ. ಪ್ರಶ್ನೆ ಮುಗಿಯುವ ಮೊದಲೇ ಪುಸ್ತಕದ ಕೊನೆಯ ಪುಟ ತೆರೆದಿರುತ್ತಾನೆ. ಕಾರ್ಬನ್ ಡೈಆಕ್ಸೈಡ್ ರೂಪುಗೊಳ್ಳುವ ಎಂಥಾಲ್ಪಿ -393.5 ಕಿಲೋಜೂಲ್, ಎರಡು ಮೋಲ್ ನೀರಿನದು ತಲಾ -285.8, ಮೀಥೇನಿನದು -74.8. ಉತ್ಪನ್ನಗಳ ಮೊತ್ತದಿಂದ ಪ್ರತಿವರ್ತಕಗಳ ಮೊತ್ತ ಕಳೆದರೆ -890.3. ಆಕ್ಸಿಜನ್ನಿಗೆ ಸೊನ್ನೆ, ಧಾತುಗಳಿಗೆಲ್ಲ ಸೊನ್ನೆಯೆಂಬುದು ನಿಸರ್ಗದ ಕಟ್ಟಳೆಯಲ್ಲ, ಪಂಡಿತರ ಒಪ್ಪಂದ. ಅದರಲ್ಲೂ ಪಂಕ್ತಿಭೇದವಿದೆ. ಗ್ರಾಫೈಟಿಗೆ ಸೊನ್ನೆ, ವಜ್ರಕ್ಕೆ 1.9. ರಂಜಕದಲ್ಲಿ ಕೆಂಪು ರೂಪವೇ ಹೆಚ್ಚು ಸ್ಥಿರವಾದರೂ ಸೊನ್ನೆಯ ಮಣೆ ಬಿಳಿಯದಕ್ಕೆ. ಈ ಪ್ರಭೇದದ ಉಪಶಾಖೆ ಪ್ರತಿಲೋಮಿ: ಪ್ರತಿವರ್ತಕಗಳಿಂದ ಉತ್ಪನ್ನಗಳನ್ನು ಕಳೆದು +890.3 ಎನ್ನುತ್ತಾನೆ. ಅವನ ಒಲೆ ಹಚ್ಚಿದರೆ ಎಸರು ಮಂಜುಗಟ್ಟುತ್ತದೆ.

ಎರಡನೆಯವನು ಬಳಸುದಾರಿಗ. ಇವನ ಮೂಲಪುರುಷ ಜಿನೀವಾದಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನೆಲೆಸಿದ ಹೆಸ್. ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಇನ್ನೂ ಮನ್ನಣೆ ಸಿಗದಿದ್ದ 1840ರಲ್ಲೇ, ಯಾವ ದಾರಿ ಹಿಡಿದರೂ ಒಟ್ಟು ಶಾಖ ಒಂದೇ ಎಂದು ಸಾರಿದ. ಮೀಥೇನಿನಲ್ಲಿ ಇವನ ಪ್ರತಾಪ ಕಾಣದು. ಕಾರ್ಬನ್ ಮಾನಾಕ್ಸೈಡ್ ಬೇಕು. ಇದ್ದಿಲನ್ನು ಅಷ್ಟಕ್ಕೇ ತಡೆದು ಉರಿಸಿ ಶಾಖ ಅಳೆಯಲು ಹೋದರೆ ಒಂದಿಷ್ಟು ಡೈಆಕ್ಸೈಡ್ ಆಗಿಯೇ ತೀರುತ್ತದೆ. ಬಳಸುದಾರಿಗ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರ್ಬನ್ ಪೂರ್ತಿ ಉರಿದರೆ -393.5, ಮಾನಾಕ್ಸೈಡ್ ಉರಿದರೆ -283.0, ಎರಡನೆಯ ಸಮೀಕರಣವನ್ನು ತಿರುವಿ ಕೂಡಿಸಿದರೆ -110.5. ಅಳೆಯಲಾಗದ್ದನ್ನು ಅಳೆದವುಗಳಿಂದ ಪಡೆಯುವ ಈ ಕುಲವೇ ನನ್ನ ಮಟ್ಟಿಗೆ ಶ್ರೇಷ್ಠ. ಸಮೀಕರಣ ತಿರುವಿ ಚಿಹ್ನೆ ತಿರುವಲು ಮರೆತು -676.5 ಬರೆಯುವವರೂ ಇದರಲ್ಲೇ ಹುಟ್ಟುತ್ತಾರೆ. ಅವರನ್ನು ಕುಲದಿಂದ ಹೊರಗಿಡಬಾರದು.

ಮೂರನೆಯವನು ಬಂಧಭೇದಕ. ಮೊದಲು ಎಲ್ಲವನ್ನೂ ಒಡೆದು ಆಮೇಲೆ ಜೋಡಿಸುತ್ತಾನೆ; ಒಡೆಯಲು ಖರ್ಚು, ಜೋಡಣೆಯಿಂದ ಆದಾಯ. ಕಾರ್ಬನ್-ಹೈಡ್ರೋಜನ್ ಬಂಧ ನಾಲ್ಕು, ತಲಾ 413, ಆಕ್ಸಿಜನ್ ಬಂಧ ಎರಡು, ತಲಾ 498, ಖರ್ಚು 2648. ಕಟ್ಟಿದ್ದು ಕಾರ್ಬನ್-ಆಕ್ಸಿಜನ್ ದ್ವಿಬಂಧ ಎರಡು, ತಲಾ 799; ಆಕ್ಸಿಜನ್-ಹೈಡ್ರೋಜನ್ ನಾಲ್ಕು, ತಲಾ 463; ಆದಾಯ 3450. ಉತ್ತರ -802. ಕೀಟೋನುಗಳಿಗೆ ಕೊಡುವ 745ನ್ನು 799ರ ಜಾಗಕ್ಕೆ ತಂದರೆ -694ಕ್ಕೆ ಕುಸಿಯುತ್ತದೆ. ಬಂಧಶಕ್ತಿಗಳು ಬಹುಪಾಲು ಸರಾಸರಿಗಳು. ಒಂದೇ ಹೆಸರಿನ ಬಂಧ ಎಲ್ಲ ಮನೆಯಲ್ಲೂ ಒಂದೇ ಬಲದಲ್ಲಿರುವುದಿಲ್ಲ.

ಇಲ್ಲಿ ಪೂರ್ವಪಕ್ಷ: ಪಟ್ಟಿನಿಷ್ಠನಿಗೆ 890, ಬಂಧಭೇದಕನಿಗೆ 802. ದಾರಿ ಯಾವುದಾದರೂ ಶಾಖ ಒಂದೇ ಎಂದ ಮೇಲೆ ಒಬ್ಬ ತಪ್ಪಿರಲೇಬೇಕಲ್ಲ?

ಇಲ್ಲ. ಇಬ್ಬರೂ ತಲುಪಿದ ಊರೇ ಬೇರೆ. ಒಬ್ಬನ ನೀರು ದ್ರವ, ಇನ್ನೊಬ್ಬನದು ಆವಿ. ಬಂಧಶಕ್ತಿಗಳ ಲೆಕ್ಕವೆಲ್ಲ ಅನಿಲಗಳದ್ದು. 25 ಡಿಗ್ರಿಯಲ್ಲಿ ಒಂದು ಮೋಲ್ ಆವಿ ನೀರಾದರೆ 44 ಕಿಲೋಜೂಲ್, ಎರಡು ಮೋಲಿಗೆ 88. ವ್ಯಾಜ್ಯ ಮುಗಿಯಿತು. ದಾರಿಯ ಬಗ್ಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಗಣಕ, ಸೂತ್ರದ ಪಕ್ಕದ ಕಂಸದೊಳಗೆ ಸ್ಥಿತಿ ಸೂಚಿಸುವ ಪುಟ್ಟ ಅಕ್ಷರವನ್ನು ಅಲಂಕಾರವೆಂದುಕೊಂಡಿರುತ್ತಾನೆ. ಕುಲುಮೆಯವರು ಹಾಗೆ ಮೈಮರೆಯುವುದಿಲ್ಲ. ಆವಿ ಚಿಮಣಿಯಿಂದ ಹೊರಟುಹೋದರೆ ಆ 88 ಆಕಾಶದ ಪಾಲು. ಆದ್ದರಿಂದಲೇ ಇಂಧನಕ್ಕೆ ಅವರು ಎರಡು ಶಾಖಮೌಲ್ಯ ಇಟ್ಟುಕೊಂಡಿದ್ದಾರೆ.

ನಾಲ್ಕನೆಯವನು ಬಾಂಬುಧಾರಿ. ನಿಜಕ್ಕೂ ಬೆಂಕಿ ಹಚ್ಚುವವನಾದ್ದರಿಂದ ಲಕ್ಷಣವಾಕ್ಯಕ್ಕೆ ಇಲ್ಲಿ ಅವ್ಯಾಪ್ತಿ ದೋಷ. ವಾಕ್ಯವನ್ನು ತಿದ್ದುವುದು ಶಿಷ್ಯರಿಗೆ ಬಿಟ್ಟದ್ದು. ಮುಚ್ಚಿದ ಉಕ್ಕಿನ ಪಾತ್ರೆಯಲ್ಲಿ ಗಾತ್ರ ಬದಲಾಗದ ಕಾರಣ ಇವನಿಗೆ ಸಿಗುವುದು ಆಂತರಿಕ ಶಕ್ತಿಯ ವ್ಯತ್ಯಾಸ, -885.3; ಮೂರು ಮೋಲ್ ಅನಿಲ ಒಂದಾದ ಲೆಕ್ಕಕ್ಕೆ ಸುಮಾರು -5 ಕೂಡಿಸಬೇಕು. ತರಗತಿಯಲ್ಲಿ ಕಾಣಸಿಗುವುದು ಅಪರೂಪ. ಆದರೆ ಕೋಪನ್‌ಹೇಗನ್ನಿನ ಥಾಮ್ಸೆನ್, ಪ್ಯಾರಿಸ್ಸಿನ ಬರ್ತೆಲೋ ಮುಂತಾದವರು ವರ್ಷಗಟ್ಟಲೆ ಅಳೆಯದಿದ್ದರೆ ಪಟ್ಟಿನಿಷ್ಠನ ಕೊನೆಯ ಪುಟ ಖಾಲಿಯಿರುತ್ತಿತ್ತು.

ಯಾವ ಪ್ರಭೇದಕ್ಕೂ ಸೇರದ ಒಂದು ಜೀವಿ ಉಳಿದಿದೆ. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಋಣಚಿಹ್ನೆಯಿರುವ ದೊಡ್ಡ ಸಂಖ್ಯೆಗೆ ಗುರುತು ಹಾಕುವುದು ಇದರ ವಿಧಾನ. ದಹನದ ಪ್ರಶ್ನೆಗಳಲ್ಲಿ ಇದು ಮೇಲಿನ ನಾಲ್ವರಿಗಿಂತ ಬೇಗ ಮುಗಿಸುತ್ತದೆ. ಅಮೋನಿಯಂ ನೈಟ್ರೇಟನ್ನು ನೀರಿನಲ್ಲಿ ಕರಗಿಸಿದರೇನು ಎಂಬ ಪ್ರಶ್ನೆ ಬಂದ ವರ್ಷ ಮಾತ್ರ ಇದರ ಸಂತತಿ ಇಳಿಯುತ್ತದೆ.