ಮನೆ ಚಿಕ್ಕದು, ಕೌದಿ ದೊಡ್ಡದು

ಎರಡು ಕೋಣೆಯ ಮನೆಯಲ್ಲಿ ಅಲಂಕಾರವೆಂದರೆ, ಇರುವ ಸಾಮಾನನ್ನೇ ಯಾವ ಮೂಲೆಗೆ ನೂಕಿದರೆ ಚೆಂದ ಎಂಬ ಲೆಕ್ಕಾಚಾರ ಅಷ್ಟೇ. ಸಾಂಬ್ರಾಣಿ ಊರಿನವರಾದ ನಮಗೆ ಈ ವಿದ್ಯೆಯ ಗುರುಗಳು ದೂರವಿಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದ ಹೆಂಗಸರೇ ಸಾಕು. ಹರಿದ ಲಂಗ, ಮಾಸಿದ ಅಂಗಿ, ಮದುವೆಯಲ್ಲಿ ಉಟ್ಟ ಸೀರೆ, ಯಾವುದಕ್ಕೂ ಇವರಲ್ಲಿ ನಿವೃತ್ತಿ ಇಲ್ಲ. ಎಲ್ಲವೂ ಕೌದಿಗೆ ಸೇರುತ್ತವೆ. ಹಳೇ ಸೀರೆ ಹಾಸಿ, ಅದರ ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ದಾರ ಓಡಿಸುತ್ತಾರೆ. ಮೊದಲೇ ಬರೆದ ನಕಾಶೆ ಗಿಕಾಶೆ ಏನಿಲ್ಲ. ಕೈಗೆ ಸಿಕ್ಕ ತುಂಡೇ ಸ್ಫೂರ್ತಿ. ನಾಲ್ಕೂ ಮೂಲೆಗೆ ಬಟ್ಟೆ ಮಡಿಚಿ ಮಾಡಿದ ಪುಟ್ಟ ತ್ರಿಕೋನದ ‘ಫೂಲ’ ಬೀಳದೆ ಕೌದಿ ಮುಗಿಯುವುದಿಲ್ಲ.

ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ದಯೆಯಿಂದ ಈ ಕೌದಿಗಳು ಅಮೆರಿಕದ ಪ್ರದರ್ಶನದ ಗೋಡೆಯನ್ನೂ ಏರಿವೆ. ಅಲ್ಲಿಯವರಿಗೇನು, ಹೊದೆಯಲು ಬೇರೆ ಇರುತ್ತದೆ! ನಮ್ಮಲ್ಲಿ ಅದೇ ಕೌದಿ ಹಗಲು ಮಂಚದ ಶೃಂಗಾರ, ರಾತ್ರಿ ಹೊದಿಕೆ, ನೆಂಟರು ಬಂದರೆ ನಡುಮನೆಯ ಪರದೆ.

ನಾನೂ ಒಂದು ಹೊಲಿಸಲು ಹೊರಟಿದ್ದೇನೆ. ಮನೆಯವಳಿಗೆ ಕೆಂಪು ಸಾಲದಂತೆ. ನನ್ನ ಹೊಸ ಅಂಗಿಯನ್ನೇ ದಿಟ್ಟಿಸುತ್ತಿದ್ದಾಳೆ. ಈಚೆಗೆ ಅದನ್ನು ತೊಟ್ಟೇ ಮಲಗುತ್ತೇನೆ.