ಕೋತಿಯ ಕಾಪಿರೈಟು

ಇಂಡೋನೇಷ್ಯಾದ ಸುಲವೇಸಿ ದ್ವೀಪದ ಕಾಡು. ಕೊಂಬೆಯ ಮೇಲೆ ಹಲ್ಲು ಕಿರಿಯುತ್ತ ಕೂತಿದ್ದ ನರುಟೊ ಎಂಬ ಕೋತಿಯನ್ನು ಮುದಿ ಕೋತಿ ತಡವಿತು.

“ಅಲ್ಲವೋ, ಬ್ರಿಟನ್ನಿನ ಛಾಯಾಗ್ರಾಹಕ ಡೇವಿಡ್ ಸ್ಲೇಟರ್ ಸಾಹೇಬರ ಕ್ಯಾಮೆರಾ ಗುಂಡಿ ಒತ್ತಿದವನು ನೀನೇ ತಾನೆ?”

“ಹೂಂ ಅಜ್ಜ. 2011ರಲ್ಲಿ ನನ್ನ ಸೆಲ್ಫಿ ಊರೆಲ್ಲ ಸುತ್ತಿತು. ಸ್ವಯಂಸೇವಕರೇ ನಡೆಸುವ ಉಚಿತ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸಿಗೂ ಏರಿತು. ಸಾಹೇಬರು ತೆಗೆಯಿರಿ ಅಂದರು. ಕ್ಲಿಕ್ಕಿಸಿದ್ದು ಕೋತಿ, ಹಕ್ಕು ಯಾರದ್ದೂ ಅಲ್ಲ ಅಂತ ವಿಕಿಮೀಡಿಯದವರು ಜಪ್ಪಯ್ಯ ಅಂದರೂ ತೆಗೆಯಲಿಲ್ಲ.”

“ಪಾಪ! ಕ್ಯಾಮೆರಾ, ಲೆನ್ಸು, ವಿಮಾನದ ಖರ್ಚು ಎಲ್ಲ ಅವರದ್ದೇ.”

“ಹಲ್ಲು ನನ್ನದಲ್ಲವೇ? 2015ರಲ್ಲಿ ಪ್ರಾಣಿಹಕ್ಕು ಸಂಘಟನೆ ಪೇಟಾದವರು ನನ್ನ ಹೆಸರಲ್ಲೇ ಅಮೆರಿಕದಲ್ಲಿ ದಾವೆ ಹೂಡಿದರು.”

“ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ್ದೆಯಾ?”

“ನನ್ನನ್ನು ಕೇಳಿದವರಾರು!”

ಮುದಿ ಕೋತಿ ಕೇಳಿದ್ದರಲ್ಲಿ ತಪ್ಪಿಲ್ಲ. ಪೇಟಾ ನರುಟೊನನ್ನು ತನ್ನ ದಾಳ ಮಾಡಿಕೊಂಡಂತಿದೆ ಎಂದು ಮೇಲ್ಮನವಿ ನ್ಯಾಯಾಲಯವೇ ಚುಚ್ಚಿತ್ತು.

“ಕೊನೆಗೆ ನಿನಗೇನು ಸಿಕ್ಕಿತು?”

“2017ರಲ್ಲಿ ರಾಜಿ. ಆ ಚಿತ್ರದ ಮುಂದಿನ ಆದಾಯದಲ್ಲಿ ಶೇ 25 ನಮ್ಮ ಕುಲದ ರಕ್ಷಣೆಗಂತೆ.”

“ಬಾಳೆಹಣ್ಣು?”

“ಒಪ್ಪಂದದಲ್ಲಿ ಬರೆದಿಲ್ಲ, ಅಜ್ಜ.”

ರಾಜಿಯಾದರೂ 2018ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಬಂತು: ಕಾಪಿರೈಟ್ ಕಾಯ್ದೆಯಡಿ ಪ್ರಾಣಿ ದಾವೆ ಹೂಡುವಂತಿಲ್ಲ. ಚಿತ್ರ ಮಾತ್ರ ಕಾಮನ್ಸಿನಿಂದ ಕದಲಲಿಲ್ಲ.