ಮಾವನ ಟಾರ್ಚ್ ಫೋನು

ಕಾಂಪೌಂಡಿನ ಆಚೆ ಮನೆಯ ಮಾವನ ಹತ್ತಿರ ಇರುವುದು ನೋಕಿಯಾ 1100. ಅದು ಇನ್ನೂ ಕೆಲಸ ಮಾಡುತ್ತದೆ ಅಂದರೆ ನಮ್ಮ ಮಕ್ಕಳು ನಂಬುವುದಿಲ್ಲ, ಹೋಗಿ ಮುಟ್ಟಿ ನೋಡಿ ಬರುತ್ತಾರೆ. ಕೀಪ್ಯಾಡಿನ ಅಂಕಿಗಳೆಲ್ಲ ಸವೆದಿವೆ, 5 ಇದ್ದ ಕಡೆ ಬರೀ ಒಂದು ಮಚ್ಚೆ. ಹಿಂದಿನ ಮುಚ್ಚಳ ಸಡಿಲಾಗಿದೆ, ಅದಕ್ಕೊಂದು ರಬ್ಬರ್ ಬ್ಯಾಂಡು. ಕಾಲ್ ಬಂತೆಂದರೆ ನಮ್ಮ ಅಡುಗೆಮನೆಗೂ ಕೇಳುತ್ತದೆ.

"ಹೊಸದು ತಗೊಳ್ಳಿ ಮಾವ, ಮಗಳು ಕೊಡಿಸ್ತೀನಿ ಅಂತಾಳಲ್ಲ" ಅಂದೆ ಮೊನ್ನೆ.

"ಇದಕ್ಕೇನಾಗಿದೆ ಅಮ್ಮಣ್ಣಿ? ಸ್ಪೇರ್ ಸಿಗ್ತಾ ಇದೆ, ಓಡ್ತಾ ಇದೆ" ಅಂದರು.

ಮಾವ ನೂಲಿನ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ನಮ್ಮ ಊರು ಪೆರಿಯನಾಯಕನಪಾಳ್ಯಂನಲ್ಲಿ ಅಂಥವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. 1962ರಲ್ಲಿ ಲಕ್ಷ್ಮೀ ಮಷಿನ್ ವರ್ಕ್ಸ್ ಶುರುವಾದದ್ದೇ ಇಲ್ಲಿ, ನೂಲು ತೆಗೆಯುವ ಮಷಿನ್ನುಗಳು ದೇಶಕ್ಕೆಲ್ಲ ಹೋದದ್ದು ಈ ಊರಿಂದ. ಹಾಗಾಗಿ ಇಲ್ಲಿನವರು ಯಾವ ಸಾಮಾನು ಕೊಂಡರೂ ಮೊದಲು ಕೇಳುವುದು ಒಂದೇ: ಬಿಚ್ಚೋಕಾಗುತ್ತಾ, ಒಳಗಿನದು ಅಂಗಡೀಲಿ ಸಿಗುತ್ತಾ? ಮಾವ ಫೋನನ್ನೂ ಹಾಗೇ ನೋಡುತ್ತಾರೆ. ಅವರ ಲೆಕ್ಕ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅವತ್ತು ಕಾಂಪೌಂಡ್ ಗೋಡೆಯ ಮೇಲೆ ಪೇಪರ್ ಹಾಸಿ ಫೋನು ಬಿಚ್ಚಿ ತೋರಿಸಿದರು. ಕೀಪ್ಯಾಡು ಅಂದರೆ ಒಂದೇ ರಬ್ಬರ್ ಹಾಳೆ, ಗುಂಡಿ ಗುಂಡಿಗೆ ಸಂದಿಲ್ಲ. ಮಿಲ್ಲಿನಲ್ಲಿ ಹಾರುವ ಹತ್ತಿ ಧೂಳು ಎಂಥಾ ಸಂದಿಗೂ ನುಗ್ಗುತ್ತದೆ, ಇದರೊಳಗೆ ಹೋಗಿಲ್ಲ. 2003ರಲ್ಲಿ ಈ ಮಾಡೆಲ್ ಬಂದಾಗ ನಮ್ಮಂಥ ದೇಶಗಳ ಧೂಳು, ಬೆವರು ಕೈ, ಕರೆಂಟಿಲ್ಲದ ರಾತ್ರಿ, ಇಷ್ಟನ್ನೂ ಯೋಚಿಸಿಯೇ ಮಾಡಿದ್ದರು. ಟಾರ್ಚ್ ಇಟ್ಟದ್ದೂ ಅದಕ್ಕೇ. ಪ್ರಪಂಚದಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ಅಷ್ಟೊಂದು ಜನ ಕೊಂಡದ್ದು ಕಪ್ಪು-ಬಿಳುಪು ತೆರೆಯ ಫೋನನ್ನು, ನೆನಪಿರಲಿ. ಹೆಸರು ಹಾಕಿಡೋಕೆ 50 ಜಾಗ ಮಾತ್ರ. ಮಾವನಿಗೆ ಅದರಲ್ಲೂ ಮಿಕ್ಕಿದೆ.

ಬ್ಯಾಟರಿ ಬಿಎಲ್-5ಸಿ. ಉಗುರು ಕೊಟ್ಟರೆ ಎದ್ದು ಬರುತ್ತದೆ. 2007ರ ಆಗಸ್ಟಿನಲ್ಲಿ ಆ ಬ್ಯಾಟರಿಯ ಗಲಾಟೆ ಆಗಿತ್ತಲ್ಲ, ಚಾರ್ಜಿಗೆ ಹಾಕಿದಾಗ ಬಿಸಿಯಾಗಬಹುದು ಅಂತ 4 ಕೋಟಿ 60 ಲಕ್ಷ ಬ್ಯಾಟರಿಗಳನ್ನು ಬದಲಾಯಿಸಿಕೊಡುತ್ತೇವೆ ಅಂದರಲ್ಲ, ಆಗ ನಮ್ಮ ಬೀದಿಯವರೆಲ್ಲ ಜಗುಲಿಯಲ್ಲಿ ಕೂತು ಮುಚ್ಚಳ ತೆಗೆದು ನಂಬರ್ ಓದಿಕೊಂಡರು. ಯಾರೂ ಅಂಗಡಿಗೆ ಓಡಬೇಕಾಗಲಿಲ್ಲ. ಇವತ್ತಿನ ಫೋನಿಗೆ ಹಾಗಾದರೆ? ಹಿಂಬದಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬಿಸಿ ಮಾಡಿ ಎಬ್ಬಿಸಬೇಕು. ಬಿಎಲ್-5ಸಿ ಈಗಲೂ ಸಿಗುತ್ತದೆ, ಯಾಕೆಂದರೆ ಪುಟ್ಟ ಎಫ್‌ಎಂ ರೇಡಿಯೊ, ಭಕ್ತಿಗೀತೆ ಹಾಡುವ ಸ್ಪೀಕರ್ ಡಬ್ಬ, ಎಷ್ಟೋ ಸಾಮಾನಿಗೆ ಅದೇ ಅಳತೆಯದನ್ನು ಹಾಕುತ್ತಾರೆ. ಸಿಮ್ಮೂ ಅಷ್ಟೆ. ಹೊಸ ಸಿಮ್ ಒಂದೇ ಕಾರ್ಡಿನಲ್ಲಿ ಮೂರು ಅಳತೆಗೆ ಗೆರೆ ಹಾಕಿ ಬರುತ್ತದೆ, ದೊಡ್ಡದನ್ನು ಮುರಿದುಕೊಂಡರೆ ಇದಕ್ಕೆ ಕೂರುತ್ತದೆ. ಚಾರ್ಜರ್ ಮಾತ್ರ ಆ ಹಳೇ ದಪ್ಪ ಪಿನ್ನಿನದು, ಅದನ್ನು ಮಾವ ಬೀರುವಿನಲ್ಲಿಡುತ್ತಾರೆ.

 

ಮಾವನ ತೋಟ ಪಾಲಮಲೆಯ ಕಡೆಗೆ, ರಂಗನಾಥಸ್ವಾಮಿ ಬೆಟ್ಟದ ಬುಡದಲ್ಲಿದೆ. ಆ ಕಡೆ ಆನೆ ಇಳಿಯುವುದು ಹೊಸದೇನಲ್ಲ. ಬಾಳೆ ಗೊನೆ ಬಿಟ್ಟ ಕಾಲದಲ್ಲಿ ರಾತ್ರಿ ಮೇಲಿನ ತೋಟದವರು ಕೆಳಗಿನವರಿಗೆ ಫೋನ್ ಮಾಡುತ್ತಾರೆ, "ಆನೆ ಬಂದಿದೆ, ಮೋಟಾರ್ ಹಾಕೋಕೆ ಹೋಗಬೇಡಿ" ಅಂತ. ಆ ಒಂದು ಕಾಲ್ ಬರಲೇಬೇಕು. ಚಾರ್ಜ್ ಮುಗಿದಿತ್ತು, ಅಪ್‌ಡೇಟ್ ಆಗ್ತಿತ್ತು ಅಂದರೆ ನಡೆಯುವುದಿಲ್ಲ. ಮಾವನ ಮಗನ ದೊಡ್ಡ ಫೋನು ಸಂಜೆಗೇ ಚಾರ್ಜರ್ ಹುಡುಕುತ್ತದೆ. ಇದು ವಾರದಲ್ಲಿ ಎರಡು ಸಲ ಚಾರ್ಜ್ ಕಂಡರೆ ಸಾಕು, ರಾತ್ರಿಯಿಡೀ ತಲೆದಿಂಬಿನ ಪಕ್ಕ ಎದ್ದಿರುತ್ತದೆ.

"ದುಡ್ಡು ಕಳಿಸೋದು?" ಅಂತ ಅತ್ತೆ ಒಳಗಿಂದ ಕೂಗಿದರು. ಅದಕ್ಕೂ ದಾರಿ ಇದೆ. ಕೀಪ್ಯಾಡ್ ಫೋನಿನವರಿಗಾಗಿಯೇ ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಯುಪಿಐ 123ಪೇ ತಂದಿತು, ನಂಬರಿಗೆ ಕಾಲ್ ಮಾಡಿ ಕಳಿಸಬಹುದು. ಮಾವ ಕಲಿತಿಲ್ಲ. ನಾನು ಕಲಿಸುತ್ತೇನೆ ಅಂತ ಹೇಳಿದ್ದೇನೆ, ಕಲಿಸಿಯೇ ತೀರುತ್ತೇನೆ.

ನನಗಿರುವ ಚಿಂತೆ ಬೇರೆ. ಈ ಫೋನು ಹಿಡಿಯುವುದು 2ಜಿ ಒಂದನ್ನೇ. 2ಜಿ, 3ಜಿ ಎರಡನ್ನೂ ಮುಚ್ಚಿಬಿಡಬೇಕು ಅನ್ನುವ ಬೇಡಿಕೆ 2024ರಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್ ಮುಂದೆ ಬಂದಿತ್ತು. ಹಾಗೇನಾದರೂ ಆದರೆ ಫೋನು ಕೆಡದೆಯೇ ಸುಮ್ಮನಾಗುತ್ತದೆ. ಸ್ಪೇರ್ ಇದ್ದೂ, ಬಿಚ್ಚಿ ಕಟ್ಟುವ ಕೈ ಇದ್ದೂ ಮಾವ ಏನೂ ಮಾಡುವಂತಿಲ್ಲ. ಇಂಥ ಫೋನು ಇಟ್ಟುಕೊಂಡವರು ಬೆಟ್ಟದ ಬುಡದ ತೋಟಗಳಲ್ಲಿ, ಮಿಲ್ಲಿನ ಲೈನು ಮನೆಗಳಲ್ಲಿ ಇದ್ದಾರೆ. ಅವರನ್ನು ಒಂದು ಮಾತು ಕೇಳದೆ ಟವರಿನ ಸ್ವಿಚ್ಚಿಗೆ ಯಾರೂ ಕೈ ಹಾಕಬಾರದು.